ಮತವಿತ್ತು, ಸರದಿ ಬರುತ್ತಿರಲಿಲ್ಲ: ಪ್ರಾಚೀನ ರೋಮ್, ಗ್ರೀಸ್, ಚೀನಾದ ಜನಸಾಮಾನ್ಯರು

ಗ್ರೀಸ್ ಅಂದರೆ ಪ್ರಜಾಪ್ರಭುತ್ವ, ರೋಮ್ ಅಂದರೆ ಗಣರಾಜ್ಯ, ಚೀನಾ ಅಂದರೆ ಚಕ್ರವರ್ತಿ ಎಂದು ಬಾಯಿಪಾಠ ಮಾಡಿದ್ದೇವೆ. ಆ ಹಣೆಪಟ್ಟಿಗಳನ್ನು ಬದಿಗಿಟ್ಟು, ಬಡ ರೈತನ ಕೈಗೆ ನಿಜಕ್ಕೂ ಏನು ದಕ್ಕಿತು ಅಂತ ನೋಡೋಣ.

ಗೊಂದಲ ಹೆಚ್ಚಿರುವುದು ರೋಮ್‌ನಲ್ಲಿ, ಅಲ್ಲಿಂದಲೇ ಶುರು. ರೋಮ್‌ನ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ವಯಸ್ಕ ಗಂಡಸು ಪೌರರಿಗೆಲ್ಲ ಮತವಿತ್ತು. ಆದರೆ ತಲೆ ಎಣಿಸುತ್ತಿರಲಿಲ್ಲ, ‘ಸೆಂಚುರಿ’ ಎಂಬ 193 ಗುಂಪುಗಳನ್ನು ಎಣಿಸುತ್ತಿದ್ದರು; ಗುಂಪಿಗೊಂದು ಮತ. ಹಳೆಯ ಹಂಚಿಕೆಯಲ್ಲಿ ಅಶ್ವದಳದವರಿಗೆ 18, ಸಿರಿವಂತರ ಮೊದಲ ವರ್ಗಕ್ಕೆ 80. ಕೂಡಿಸಿ: 98. ಬಹುಮತಕ್ಕೆ 97 ಸಾಕು! ಇವರು ಒಮ್ಮತಕ್ಕೆ ಬಂದರೆ ಮತದಾನ ಅಲ್ಲಿಗೇ ಮುಗಿಯಿತು. ಆಸ್ತಿಯಿಲ್ಲದವರೆಲ್ಲ ಸೇರಿ ಒಂದೇ ಗುಂಪು, ಅದೂ ಕಟ್ಟಕಡೆಗೆ.

ಹಾಗಾದರೆ ಪ್ಲೀಬಿಯನ್ನರು, ಅಂದರೆ ಕುಲೀನರಲ್ಲದ ಸಾಮಾನ್ಯ ಪೌರರು, ಗೆದ್ದದ್ದು ಹೇಗೆ? ಊರು ಬಿಟ್ಟು ಹೊರಟು! ಸಾಲದ ಕಾಟಕ್ಕೆ ರೋಸಿಹೋಗಿ ಕ್ರಿ.ಪೂ. 494ರಲ್ಲಿ ಗುಡ್ಡವೊಂದರ ಮೇಲೆ ಹೋಗಿ ಕೂತರು ಎನ್ನುತ್ತದೆ ರೋಮನ್ ಪರಂಪರೆ. ಇವರಿಲ್ಲದೆ ಸೈನ್ಯವೇ ಇಲ್ಲ. ಹಾಗೆ ಸಿಕ್ಕಿದ್ದು ಪ್ಲೀಬಿಯನ್ನರ ಹಿತ ಕಾಯುವ ಟ್ರಿಬ್ಯೂನ್ ಹುದ್ದೆ. ಪ್ಲೀಬಿಯನ್ ಸಭೆಯ ನಿರ್ಣಯ ಎಲ್ಲರಿಗೂ ಕಾನೂನಾಗಲು ಮಾತ್ರ ಕ್ರಿ.ಪೂ. 287ರವರೆಗೆ ಕಾಯಬೇಕಾಯಿತು.

ಅಥೆನ್ಸ್‌ನದು ಬೇರೆ ದಾರಿ. 500 ಜನರ ಮಂಡಳಿಗೆ ಚೀಟಿ ಎತ್ತಿದಂತೆ ಅದೃಷ್ಟದ ಮೇಲೆ ಆಯ್ಕೆ. ನ್ಯಾಯದರ್ಶಿಗಳಿಗೆ, ಅಂದರೆ ತೀರ್ಪು ಕೊಡಲು ಕೂರುವ ಸಾಮಾನ್ಯ ಪೌರರಿಗೆ, ದಿನಭತ್ಯೆ ಕೊಟ್ಟದ್ದು ಇನ್ನೂ ಮುಖ್ಯ. ಒಂದು ದಿನದ ದುಡಿಮೆ ಬಿಟ್ಟು ಬರುವವನಿಗೆ ಹೊಟ್ಟೆಪಾಡು ಬೇಡವೇ? ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಲೆಕ್ಕಕ್ಕೇ ಇರಲಿಲ್ಲ ಎಂಬುದನ್ನು ಮರೆಯಬೇಡಿ. ಬೇಡದ ನಾಯಕನ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಹತ್ತು ವರ್ಷ ಗಡೀಪಾರು ಮಾಡುವ ಪದ್ಧತಿಯೂ ಇತ್ತು. ಅಥೆನ್ಸ್‌ನ ನಾಯಕ ಥೆಮಿಸ್ಟೋಕ್ಲೀಸ್‌ನ ಹೆಸರಿರುವ ಸುಮಾರು 190 ಚೂರುಗಳು ಒಂದೇ ಕಡೆ ಸಿಕ್ಕಿವೆ, ಬರೆದ ಕೈಗಳು ಮಾತ್ರ ಬೆರಳೆಣಿಕೆಯಷ್ಟು. ಮೊದಲೇ ಬರೆದಿಟ್ಟು ಹಂಚಲು ತಂದದ್ದೆಂದೇ ನನಗನಿಸುತ್ತದೆ.

ಚೀನಾದಲ್ಲಿ ಸಭೆಯೂ ಇಲ್ಲ, ಮತವೂ ಇಲ್ಲ. ಉಳಿದದ್ದು ದಂಗೆ. ಕ್ರಿ.ಪೂ. 209ರಲ್ಲಿ ಗಡಿ ಕಾವಲಿಗೆ ಹೊರಟ 900 ಮಂದಿ ಮಳೆಗೆ ಸಿಕ್ಕಿ ತಡವಾದರು. ತಡವಾದರೆ ತಲೆದಂಡ, ಹೇಗೂ ಸಾವೇ ಎಂದು ಚೆನ್ ಶೆಂಗ್ ಮತ್ತು ವೂ ಗ್ವಾಂಗ್ ಬಂಡೆದ್ದರು ಎನ್ನುತ್ತಾನೆ ಹಾನ್ ಕಾಲದ ಇತಿಹಾಸಕಾರ ಸೀಮಾ ಛಿಯೆನ್. ಕೆಲವೇ ವರ್ಷಗಳಲ್ಲಿ ಆಗ ಆಳುತ್ತಿದ್ದ ಛಿನ್ ಸಾಮ್ರಾಜ್ಯ ಉರುಳಿತು. ಕ್ರಿ.ಪೂ. 202ರಲ್ಲಿ ಹಾನ್ ಚಕ್ರವರ್ತಿಯಾದ ಲ್ಯೂ ಬಾಂಗ್ ರೈತ ಮನೆತನದವನು.

ಇಲ್ಲೊಂದು ತಿರುವಿದೆ. 1975ರಲ್ಲಿ ಶುಯ್‌ಹುದಿಯ ಸಮಾಧಿಯಲ್ಲಿ ಸಿಕ್ಕ ಛಿನ್ ಕಾಲದ ಬಿದಿರು ಪಟ್ಟಿಗಳ ಪ್ರಕಾರ, ಬಿಟ್ಟಿ ಚಾಕರಿಗೆ ಕೆಲ ದಿನ ತಡವಾದರೆ ಬೈಗುಳ, ಇನ್ನೂ ತಡವಾದರೆ ಗುರಾಣಿಯ ಬೆಲೆಯಷ್ಟು ದಂಡ. ಮಳೆ ಬಂದರೆ ವಿನಾಯಿತಿ. ಕಾವಲು ಸೇವೆಗೂ ಇದೇ ನಿಯಮವಿತ್ತೇ ಎಂಬುದು ಬೇರೆ ಚರ್ಚೆ. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ತಲೆದಂಡದ ಮಾತು ಬಂದರೆ ‘ಸೀಮಾ ಛಿಯೆನ್ ಹೇಳುವಂತೆ’ ಎಂದು ಸೇರಿಸಿ ಬರೆಯಿರಿ.