ಸೂಜಿಗೂ ಕಣ್ಣಿಗೂ 22 ಇಂಚು

ಕಳೆದ ವರ್ಷ ದೀಪಾವಳಿಗೆ ಮುಂಚೆ ರವಿಕೆ ಹೊಲಿಯುವ ತಾಯಿಯೊಬ್ಬರು, ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವ ನನ್ನ ಬಳಿ ಬಂದರು. ವಯಸ್ಸು 52. ಅವರ ದೂರು ಕಣ್ಣಿನದಾಗಿರಲಿಲ್ಲ, ಕತ್ತಿನದಾಗಿತ್ತು. ಮೂಳೆ ವೈದ್ಯರು ಎಕ್ಸ್‌ರೇ ನೋಡಿ, ಕೊನೆಗೆ ಒಮ್ಮೆ ಕಣ್ಣನ್ನೂ ತೋರಿಸಿ ಎಂದಿದ್ದರಂತೆ. ಅವರ ಕನ್ನಡಕದಲ್ಲಿ ಹತ್ತಿರದ ನಂಬರ್ +2.00 ಇತ್ತು. ಅಂಗಡಿಯಲ್ಲಿ ಯಂತ್ರದ ಮುಂದೆ ಗಲ್ಲ ಇಡಿಸಿ, ವಯಸ್ಸು ಕೇಳಿ, ಐದು ನಿಮಿಷದಲ್ಲಿ ಕೊಟ್ಟದ್ದು. ಅವರ ವಯಸ್ಸಿಗೆ ಅದು ತಪ್ಪು ನಂಬರ್ ಅಲ್ಲ. ಕೈಯಲ್ಲಿ ಪುಸ್ತಕ ಕೊಟ್ಟರೆ ಸರಾಗವಾಗಿ ಓದಿದರು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಲಿಗೆ ಯಂತ್ರದ ಮುಂದೆ ನೆಟ್ಟಗೆ ಕುಳಿತಾಗ ಕಣ್ಣಿಗೂ ಸೂಜಿಗೂ ಎಷ್ಟು ದೂರ? ಅವರಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಮಗಳ ಕೈಯಲ್ಲಿ ಟೇಪು ಹಿಡಿಸಿ ಅಳೆದು ಫೋನ್ ಮಾಡಿದರು. “ಇಪ್ಪತ್ತೆರಡು ಇಂಚು ಮೇಡಂ.”

ಸುಮಾರು 56 ಸೆಂಟಿಮೀಟರ್. ಇಲ್ಲಿ ಒಂದು ಸಣ್ಣ ಲೆಕ್ಕವಿದೆ, ಯಾರು ಬೇಕಾದರೂ ಮಾಡಬಹುದು. ದೂರದ ನಂಬರ್ ಇಲ್ಲದವರು ಹತ್ತಿರದ ಕನ್ನಡಕ ಹಾಕಿಕೊಂಡಾಗ ಎಲ್ಲಿಯವರೆಗೆ ಸ್ಪಷ್ಟವಾಗಿ ಕಾಣುತ್ತದೆ ಎಂದು ತಿಳಿಯಲು 100 ಅನ್ನು ಆ ನಂಬರಿನಿಂದ ಭಾಗಿಸಬೇಕು. +2.00 ಆದರೆ 50 ಸೆಂಟಿಮೀಟರ್. ಅದರಾಚೆ ಮಸುಕು. ಸೂಜಿ ಇದ್ದದ್ದು 56ರಲ್ಲಿ. ಹಾಗಾಗಿ ಆ ತಾಯಿ ದಿನವಿಡೀ ಆರು ಸೆಂಟಿಮೀಟರ್ ಮುಂದಕ್ಕೆ ಬಾಗಿಯೇ ಹೊಲಿಯುತ್ತಿದ್ದರು. ಎರಡು ವರ್ಷ ಕತ್ತು ನೋಯಿಸಿದ್ದು ಆ ಆರು ಸೆಂಟಿಮೀಟರ್. ನಂಬರನ್ನು +1.50ಕ್ಕೆ ಇಳಿಸಿದೆ. ಈಗ 66 ಸೆಂಟಿಮೀಟರಿನವರೆಗೂ ಸ್ಪಷ್ಟ. ಕಣ್ಣಿನಲ್ಲಿ ಇನ್ನೂ ಉಳಿದಿರುವ ಶಕ್ತಿಯಿಂದ ಕೈಯಲ್ಲಿ ಹಿಡಿದ ಪುಸ್ತಕವೂ ಕಾಣುತ್ತದೆ. ಕಡಿಮೆ ನಂಬರ್ ಕೊಟ್ಟು ಹೆಚ್ಚು ಕಾಣಿಸಿದೆ ಎಂದರೆ ಜನ ನಂಬುವುದಿಲ್ಲ. ಆದರೆ ನನ್ನ ವೃತ್ತಿಯಲ್ಲಿ ಇದು ವಾರಕ್ಕೊಮ್ಮೆಯಾದರೂ ನಡೆಯುವ ಸಂಗತಿ.

ಹಿರಿಯರು ಇದನ್ನು ಚಾಳೀಸು ಎನ್ನುತ್ತಿದ್ದರು, ನಲವತ್ತಕ್ಕೆ ಬರುವ ಕನ್ನಡಕ. ಹೆಸರಿನಲ್ಲೇ ವಯಸ್ಸಿದೆ, ಆದರೆ ಕೆಲಸ ಇಲ್ಲ. ಬರೀ ವಯಸ್ಸು ನೋಡಿ ಕೊಟ್ಟ ಚಾಳೀಸು ದರ್ಜಿಗೂ, ಲೆಕ್ಕಪತ್ರ ಬರೆಯುವವರಿಗೂ, ಕಂಪ್ಯೂಟರ್ ಮುಂದೆ ಕೂರುವವರಿಗೂ ಒಂದೇ ಆಗಿರುತ್ತದೆ. ಅವರ ಕಣ್ಣುಗಳು ನೋಡುವ ದೂರ ಮಾತ್ರ ಬೇರೆ ಬೇರೆ. ದಯವಿಟ್ಟು ಪರೀಕ್ಷೆಗೆ ಬರುವ ಮುನ್ನ ನಿಮ್ಮ ಕೆಲಸದ ದೂರವನ್ನು ಅಳೆದುಕೊಂಡು ಬನ್ನಿ.

ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಳಿ ಬಲೂನಿನ ಚಿತ್ರ ತೋರಿಸಿ ಕ್ಷಣದಲ್ಲಿ ಚೀಟಿ ಮುದ್ರಿಸುವ ಆ ಯಂತ್ರ ಒಳ್ಳೆಯ ಉಪಕರಣ, ನಾನೂ ಬಳಸುತ್ತೇನೆ. ಆದರೆ ಆ ಚೀಟಿಯಲ್ಲಿರುವುದು ಪರೀಕ್ಷೆಯ ಆರಂಭ. ಹರೆಯದವರ ಕಣ್ಣು ಯಂತ್ರದೊಳಗೆ ನೋಡುವಾಗ ಹತ್ತಿರದ್ದನ್ನು ನೋಡುತ್ತಿರುವಂತೆ ಬಿಗಿಹಿಡಿಯುತ್ತದೆ. ಆಗ ಇಲ್ಲದ ಮೈನಸ್, ಅಂದರೆ ದೂರದ್ದು ಮಸುಕಾದವರಿಗೆ ಕೊಡುವ ನಂಬರ್, ಇದೆ ಎಂದು ಯಂತ್ರ ಬರೆಯುತ್ತದೆ. ಪರೀಕ್ಷೆಗೆ ಓದುತ್ತಿದ್ದ 19 ವರ್ಷದ ಹುಡುಗನಿಗೆ ಚೀಟಿ −2.00 ಎಂದಿತ್ತು. ಟ್ರಯಲ್ ಫ್ರೇಮ್ ಹಾಕಿ ಒಂದೊಂದೇ ಗಾಜು ಬದಲಿಸುತ್ತ ಹೋದಾಗ −1.25ಕ್ಕೇ ಕೊನೆಯ ಸಾಲು ಓದಿದ.

ಈ ಗಾಜು ಬದಲಿಸುವ ಹಂತದಲ್ಲಿ ಬಹಳ ಜನ ಹೆದರುತ್ತಾರೆ. “ಮೊದಲನೆಯದು ಚೆನ್ನವೋ, ಎರಡನೆಯದೋ?” ಎಂದು ಕೇಳಿದರೆ ಶಾಲೆಯ ಮೌಖಿಕ ಪರೀಕ್ಷೆಯಂತೆ ಬೆವರುತ್ತಾರೆ. ಅಕ್ಷರ ಊಹಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಕಣ್ಣು ಕಿರಿದಾದರೆ ರೆಪ್ಪೆಯ ಸಂದಿಯೇ ಗಾಜಿನ ಕೆಲಸ ಮಾಡಿಬಿಡುತ್ತದೆ, ನನಗೆ ಸಿಗುವ ಉತ್ತರ ಸುಳ್ಳಾಗುತ್ತದೆ. “ಎರಡೂ ಒಂದೇ ಥರ” ಎಂಬುದು ತಪ್ಪು ಉತ್ತರವಲ್ಲ. ಅದು ನನಗೆ ಅತ್ಯಂತ ಬೇಕಾದ ಉತ್ತರ, ನಿಲ್ಲಬೇಕಾದ ಜಾಗ ಹತ್ತಿರ ಬಂತು ಎಂಬ ಸೂಚನೆ. ಇನ್ನೊಂದು: ಅಕ್ಷರ ಹೆಚ್ಚು ಕಪ್ಪಾಗಿ, ಆದರೆ ಚಿಕ್ಕದಾಗಿ ಕಂಡರೆ ಹಾಗೆಯೇ ಹೇಳಿ. ಅದು ಸ್ಪಷ್ಟತೆಯಲ್ಲ, ಮೈನಸ್ ಹೆಚ್ಚಾಗುತ್ತಿರುವ ಗುರುತು. ಕೆಂಪು ಮತ್ತು ಹಸಿರು ಹಿನ್ನೆಲೆಯ ಅಕ್ಷರ ತೋರಿಸುವುದೂ ಇದಕ್ಕಾಗಿಯೇ. ಹಸಿರಿನದು ಎದ್ದು ಕಂಡರೆ ಮೈನಸ್ ಮಿತಿಮೀರಿದೆ ಎಂದು ಅರ್ಥ.

ಹತ್ತಿರದ ನಂಬರನ್ನು ಕನ್ನಡ ಓದುವವರಿಗೆ ಕನ್ನಡದಲ್ಲೇ ಪರೀಕ್ಷಿಸಬೇಕು ಎಂಬುದು ನನ್ನ ಹಟ. ನಮ್ಮ ಲಿಪಿಯಲ್ಲಿ ಅರ್ಥವೆಲ್ಲ ಸಣ್ಣ ಗೀಟುಗಳಲ್ಲಿದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸೀಳು. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು. ನಂಬರ್ 0.25ರಷ್ಟು ತಪ್ಪಿದರೂ ಮೊದಲು ಮಾಸುವುದು ಅವೇ. ಇಂಗ್ಲಿಷ್ ಅಕ್ಷರ ಓದಿ ಪರವಾಗಿಲ್ಲ ಎಂದವರು ಪಂಚಾಂಗ ತೆರೆದಾಗ ತಡವರಿಸುವುದನ್ನು ನೋಡಿದ್ದೇನೆ. ನೀವು ದಿನವೂ ಓದುವ ಪತ್ರಿಕೆಯನ್ನೇ ಚೀಲದಲ್ಲಿ ತನ್ನಿ.

ಸಕ್ಕರೆ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣಿನೊಳಗಿನ ಮಸೂರದ ಶಕ್ತಿಯೂ ಬದಲಾಗುತ್ತದೆ. ಹೊಸದಾಗಿ ಔಷಧ ಶುರು ಮಾಡಿದ ವಾರದಲ್ಲಿ ಮಾಡಿಸಿದ ಕನ್ನಡಕ ಎರಡು ತಿಂಗಳಲ್ಲಿ ನಿರುಪಯೋಗಿಯಾಗಬಹುದು. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆ ಬನ್ನಿ ಎಂದು ನಾನು ಎಷ್ಟೋ ಜನರನ್ನು ಹಾಗೆಯೇ ಕಳಿಸಿದ್ದೇನೆ. ಮಕ್ಕಳ ವಿಷಯದಲ್ಲಿ, ವೈದ್ಯರು ಕಣ್ಣಿಗೆ ಹನಿ ಹಾಕಿ ಪರೀಕ್ಷಿಸೋಣ ಎಂದರೆ ಬೇಡ ಎನ್ನಬೇಡಿ. ಬಿಗಿ ಸಡಿಲಿಸದೆ ಮಗುವಿನ ನಿಜವಾದ ನಂಬರ್ ಸಿಗುವುದು ಕಷ್ಟ. ಹನಿಗೆ ತಕ್ಕಂತೆ ಒಂದು ದಿನವೋ, ಕೆಲವು ದಿನವೋ ಹತ್ತಿರದ್ದು ಮಂಜಾಗುತ್ತದೆ, ಅಷ್ಟೇ.

ಗಾಜು ಎಷ್ಟು ಬದಲಿಸಿದರೂ ಕೊನೆಯ ಸಾಲು ಕಾಣದಿದ್ದರೆ ಏಕೆ ಎಂದು ಕೇಳಿ. ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ನೋಡಿಸಿದಾಗ ದೃಷ್ಟಿ ಸುಧಾರಿಸಿದರೆ ಕೊರತೆ ಬಹುಮಟ್ಟಿಗೆ ನಂಬರಿನದು. ಸುಧಾರಿಸದಿದ್ದರೆ ಕಾರಣ ಪೊರೆಯಲ್ಲೋ, ಕಣ್ಣಿನ ಹಿಂಪದರದಲ್ಲೋ ಇರಬಹುದು. ಆಗ ಹೋಗಬೇಕಾದ ಜಾಗ ಕನ್ನಡಕದಂಗಡಿಯಲ್ಲ, ನೇತ್ರವೈದ್ಯರ ಬಳಿ. 6/6, ಅಂದರೆ ಪೂರ್ಣ ದೃಷ್ಟಿ, ಇರುವವರೂ ನಲವತ್ತರ ನಂತರ ಕಣ್ಣಿನ ಒತ್ತಡ ಮತ್ತು ನರವನ್ನು ಪರೀಕ್ಷಿಸಿಕೊಳ್ಳಬೇಕು. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ನಡುವಿನ ದೃಷ್ಟಿಯನ್ನು ಕಡೆಯವರೆಗೆ ಬಿಟ್ಟಿರುತ್ತದೆ.

ಇನ್ನು ಗಾಜು. ಎಲ್ಲರೂ ಫ್ರೇಮ್‌ಗೆ ಒಂದು ಗಂಟೆ ಕೊಡುತ್ತಾರೆ, ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು ಅರ್ಧ ನಿಮಿಷವನ್ನೂ ಕೊಡುವುದಿಲ್ಲ. ಬಹುತೇಕ ವಯಸ್ಕರಲ್ಲಿ ಇದು 54ರಿಂದ 74 ಮಿಲಿಮೀಟರ್. ಸರಾಸರಿ 63 ಎಂದು ತುಂಬಿ ಆನ್‌ಲೈನ್‌ನಲ್ಲಿ ತರಿಸಿದ −6.00 ಕನ್ನಡಕದಲ್ಲಿ ಗಾಜಿನ ನಡುಬಿಂದು ಪ್ರತಿ ಕಣ್ಣಿಗೆ 4 ಮಿಲಿಮೀಟರ್ ಸರಿದರೆ ತಲಾ 2.4 ಪ್ರಿಸಂ, ಅಂದರೆ ಬೆಳಕನ್ನು ಪಕ್ಕಕ್ಕೆ ಬಾಗಿಸುವ ಗುಣ, ಕೂಡಿಕೊಳ್ಳುತ್ತದೆ. ನಂಬರ್ ಸರಿ, ಗಾಜು ಸರಿ, ಆದರೂ ಸಂಜೆಯಾಗುತ್ತಲೇ ತಲೆನೋವು. ದೂರಕ್ಕೂ ಹತ್ತಿರಕ್ಕೂ ಒಂದೇ ಆಗಿರುವ ಪ್ರೋಗ್ರೆಸಿವ್ ಗಾಜಿನಲ್ಲಂತೂ ಪಾಪೆಯ ಎತ್ತರವನ್ನೂ ನಿಮ್ಮದೇ ಫ್ರೇಮ್ ಮುಖದ ಮೇಲಿಟ್ಟು ಗುರುತಿಸಬೇಕು. ಅದರ ಎರಡು ಪಕ್ಕಗಳಲ್ಲಿ ಸ್ವಲ್ಪ ಮಸುಕು ಇದ್ದೇ ಇರುತ್ತದೆ. ಎಷ್ಟು ದುಡ್ಡು ಕೊಟ್ಟರೂ ಅದನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲಾಗದು.

ದಪ್ಪ ಗಾಜಿಗೆ ಹೆದರಿ ಎಲ್ಲರೂ ಬೆಳಕನ್ನು ಹೆಚ್ಚು ಬಾಗಿಸುವ, ಹಾಗಾಗಿ ತೆಳ್ಳಗಿರುವ ಹೈ ಇಂಡೆಕ್ಸ್ ಗಾಜು ಕೇಳುತ್ತಾರೆ. ನಂಬರ್ ಎರಡರ ಒಳಗಿದ್ದರೆ ಮಾಮೂಲಿ 1.50 ಇಂಡೆಕ್ಸಿನ ಫೈಬರ್ ಸಾಕು, ಅದರಲ್ಲಿ ಬಣ್ಣದ ಅಂಚು ಕಾಣುವುದೂ ಕಡಿಮೆ. ಮೈನಸ್ ಹೆಚ್ಚಿರುವವರಿಗೆ 1.67 ಇಂಡೆಕ್ಸಿನ ಗಾಜಿಗಿಂತ ಚಿಕ್ಕ, ದುಂಡನೆಯ ಫ್ರೇಮ್ ಹೆಚ್ಚು ಉಪಕಾರ ಮಾಡುತ್ತದೆ. ಮಕ್ಕಳಿಗೆ ಮತ್ತು ಒಂದೇ ಕಣ್ಣಿನ ದೃಷ್ಟಿ ನೆಚ್ಚಿಕೊಂಡವರಿಗೆ ಮಾತ್ರ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಆಗಲಿ ಎಂದು ಒತ್ತಾಯಿಸುತ್ತೇನೆ. ಪ್ರತಿಫಲನ ತಡೆಯುವ ಲೇಪನಕ್ಕೆ ಕೊಟ್ಟ ದುಡ್ಡು ರಾತ್ರಿ ವಾಹನ ಓಡಿಸುವವರಿಗೆ ವ್ಯರ್ಥವಲ್ಲ. ಪರದೆಯ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗಾಜನ್ನು ನಾನು ಶಿಫಾರಸು ಮಾಡುವುದಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ 2023ರ ವರದಿಗೆ, ಅದರಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಉರಿ ಬಹುಪಾಲು ಅಲ್ಲಿಂದ ಬರುತ್ತದೆ.

ಹೊಸ ಕನ್ನಡಕ ಕೈಗೆ ಬಂದಾಗ ನಂಬರನ್ನು ನಿಮ್ಮೆದುರೇ ಉಪಕರಣದಲ್ಲಿಟ್ಟು ತೋರಿಸಲು ಹೇಳಿ, ಚೀಟಿಯ ಜೊತೆ ಹೋಲಿಸಿ. ಮೊದಲ ಕೆಲವು ದಿನ ನೆಲ ವಾಲಿದಂತೆ ಕಾಣುವುದು, ಮೆಟ್ಟಿಲು ಇಳಿಯುವಾಗ ಅಂದಾಜು ತಪ್ಪುವುದು ಸಹಜ. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಅಭ್ಯಾಸವಾಗುತ್ತದೆ ಎಂದು ಸಹಿಸಬೇಡಿ, ಪರೀಕ್ಷಿಸಿದವರ ಬಳಿಗೇ ಮರಳಿ ಹೋಗಿ. ಹೋಗುವಾಗ ಹಳೆಯ ಕನ್ನಡಕವನ್ನೂ ಒಯ್ಯಿರಿ. ಅದರಲ್ಲಿ ನಿಮಗೆ ಏನು ಚೆನ್ನಾಗಿ ಕಾಣುತ್ತಿತ್ತು ಎಂಬುದು ಅವರಿಗೆ ಬೇಕಾಗುತ್ತದೆ.