"ಪುಸ್ತಕ ಕಳೆದ್ರೆ ದುಡ್ಡು ಯಾರು ಕಟ್ಬೇಕು ಮೇಡಂ?"

ಪ್ರತಿ ವರ್ಷ ನಮ್ಮ ಬಿ.ಇಡಿ ಹುಡುಗ್ರನ್ನ ಇಂಟರ್ನ್‌ಶಿಪ್‌ಗೆ ಶಾಲೆಗಳಿಗೆ ಕಳಿಸೋ ಹಿಂದಿನ ದಿನ ನಾನು ಒಂದು ಗಂಟೆ ಬರೀ ಶಾಲಾ ಗ್ರಂಥಾಲಯದ ಬಗ್ಗೆನೇ ಮಾತಾಡ್ತೀನಿ. ಮಾತು ಮುಗಿದು ಏನಾದ್ರೂ ಕೇಳೋದಿದ್ಯಾ ಅಂದ ತಕ್ಷಣ ಹಿಂದಿನ ಬೆಂಚಿಂದ ಒಂದು ಕೈ ಮೇಲೆ ಬರುತ್ತೆ, ಪ್ರಶ್ನೆ ಯಾವ್ದು ಅಂತ ನಂಗೆ ಆಗ್ಲೇ ಗೊತ್ತು. "ಮೇಡಂ, ಪುಸ್ತಕ ಕಳೆದ್ರೆ ದುಡ್ಡು ಯಾರು ಕಟ್ಬೇಕು?"

ಯಾವ ಪುಸ್ತಕ ಕೊಡ್ಲಿ, ಎರಡನೇ ಕ್ಲಾಸಿನ ಮಗು ಓದೋಕೆ ತಡವರಿಸಿದ್ರೆ ಏನ್ಮಾಡ್ಲಿ, ಗಟ್ಟಿಯಾಗಿ ಓದಿ ಹೇಳೋವಾಗ ಚಿತ್ರ ಯಾವಾಗ ತೋರಿಸ್ಲಿ ಅಂತ ಕೇಳಿದ್ರೆ ನಾನು ಸಂಜೆ ತನಕ ಕೂತು ಉತ್ತರ ಕೊಡ್ತೀನಿ. ಆದ್ರೆ ಮೊದಲ ಪ್ರಶ್ನೆ ಯಾವಾಗ್ಲೂ ಇದೇ. ಶಿವಮೊಗ್ಗದಲ್ಲಿ ಬಿ.ಇಡಿ ಪಾಠ ಮಾಡೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು, ಒಂದು ವರ್ಷದ ಕೋರ್ಸ್ ಇದ್ದಾಗ್ಲೂ ಇದೇ ಕೇಳ್ತಿದ್ರು, ಶಿಕ್ಷಕರ ತರಬೇತಿ ನೋಡ್ಕೊಳ್ಳೋ ಎನ್‌ಸಿಟಿಇಯ 2014ರ ನಿಯಮ ಬಂದು ಕೋರ್ಸ್ ಎರಡು ವರ್ಷದ್ದು ಆದ್ಮೇಲೂ ಇದನ್ನೇ ಕೇಳ್ತಾರೆ. ಹುಡುಗ್ರನ್ನ ಬೈಯೋಕೆ ಮನಸ್ಸು ಬರಲ್ಲ. ಅವರು ಓದಿದ ಶಾಲೆಯಲ್ಲಿ ಪುಸ್ತಕ ಇದ್ದಿದ್ದು ಎಚ್ಎಂ ರೂಮಿನ ಬೀರುವಿನ ಒಳಗೆ, ಕೀಲಿ ಎಚ್ಎಂ ಜೇಬಿನಲ್ಲಿ. ಕಂಡಿದ್ದೇ ಅಷ್ಟು.

ಒಂದು ಉದಾಹರಣೆ ಹೇಳ್ತೀನಿ. ಹೊಸನಗರ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ನನ್ನ ಪ್ರಶಿಕ್ಷಣಾರ್ಥಿಯ ಪಾಠ ನೋಡೋಕೆ ಹೋಗಿದ್ದೆ, ಆಗಸ್ಟ್ ತಿಂಗಳು, ಮೂರು ದಿನದಿಂದ ಒಂದೇ ಸಮ ಜಡಿಮಳೆ, ಹೆಂಚಿನ ಮೇಲೆ ಬೀಳೋ ಸದ್ದಿಗೆ ಪಾಠ ಕೇಳಿಸೋದೇ ಕಷ್ಟ. ಆ ಪೀರಿಯಡ್ ಲೈಬ್ರರಿ ಪೀರಿಯಡ್. ಹುಡುಗಿ ಪಾಪ ಪಾಠಯೋಜನೆ ಬಹಳ ಅಚ್ಚುಕಟ್ಟಾಗಿ ಬರ್ಕೊಂಡು ಬಂದಿದ್ಲು, ಹೆಡ್ಡಿಂಗಿಗೆ ಕೆಂಪು, ಉದ್ದೇಶಕ್ಕೆ ಹಸಿರು, ಉದ್ದೇಶದಲ್ಲಿ "ವಿದ್ಯಾರ್ಥಿಗಳು ಗ್ರಂಥಾಲಯದ ಮಹತ್ವವನ್ನು ತಿಳಿಯುವರು" ಅಂತ. ಬೋರ್ಡಿನ ಮೇಲೆ ಗ್ರಂಥಾಲಯದ ಮಹತ್ವದ ಹತ್ತು ಪಾಯಿಂಟ್ ಬರೆದ್ಲು, ಮಕ್ಕಳು ನೋಟ್ಸ್ ಮಾಡ್ಕೊಂಡ್ರು, ನಲವತ್ತು ನಿಮಿಷ ಹೋಯ್ತು. ಮಕ್ಕಳ ಬೆನ್ನ ಹಿಂದೆ ಗೋಡೆಗೆ ಒತ್ತಿಟ್ಟ ಹಸಿರು ಬೀರು ಇತ್ತು, ಅದರ ಮೇಲೆ ಬಿಳಿ ಪೇಂಟಲ್ಲಿ "ಗ್ರಂಥಾಲಯ". ಒಂದು ಮಗುನೂ ಆ ಕಡೆ ತಿರುಗಿ ನೋಡ್ಲಿಲ್ಲ.

ಪಾಠ ಮುಗಿದ್ಮೇಲೆ ಬೀರು ತೆಗೆಸಿದೆ. ಕೀಲಿ ಹುಡುಕೋಕೆ ಕಾಲು ಗಂಟೆ. ಬಾಗಿಲು ತೆಗೆದ ತಕ್ಷಣ ಬಂದ ವಾಸನೆ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಕೆಳಗಿನ ಎರಡು ಖಾನೆಯ ಪುಸ್ತಕ ಒಂದಕ್ಕೊಂದು ಅಂಟ್ಕೊಂಡಿತ್ತು, ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು ಹತ್ತಿಯ ಹಾಗೆ ಎದ್ದಿತ್ತು, ಹಿಂದಿನ ಸಾಲಿಗೆ ಗೆದ್ದಲು ಗೋಡೆಯಿಂದ ನೇರ ದಾರಿ ಮಾಡ್ಕೊಂಡಿತ್ತು. ಒಂದು ಚಿತ್ರದ ಪುಸ್ತಕ ಬಿಡಿಸೋಕೆ ಹೋದೆ, ಹಾಳೆಯ ಮೇಲಿನ ಬಣ್ಣ ಪಕ್ಕದ ಹಾಳೆಗೆ ಕಿತ್ಕೊಂಡು ಬಂತು. ಹಿಂದಿನ ರಟ್ಟಿನ ಒಳಗೆ ಶಾಲೆಯ ಸೀಲು, ದಾಸ್ತಾನು ನಂಬರು ಎಲ್ಲ ಸರಿಯಾಗೇ ಇತ್ತು. ದಾಸ್ತಾನು ವಹಿ ಪ್ರಕಾರ ಒಂದು ಪುಸ್ತಕನೂ ಕಳೆದಿಲ್ಲ.

ನಮ್ಮೂರಿನ ಮಳೆಗಾಲದಲ್ಲಿ ಗಾಳಿಯ ತೇವ ವಾರಗಟ್ಟಲೆ ಇಳಿಯೋದೇ ಇಲ್ಲ. ಶೇಕಡಾ 65 ದಾಟಿ ತೇವ ಹಾಗೇ ನಿಂತ್ರೆ ಕಾಗದದ ಮೇಲೆ ಬೂಷ್ಟು ಬೆಳೆಯೋಕೆ ಅಷ್ಟು ಸಾಕು, ಅದ್ರಲ್ಲೂ ಗಾಳಿ ಆಡದ ಜಾಗ ಅದಕ್ಕೆ ಬಲು ಇಷ್ಟ. ಮುಚ್ಚಿದ ಕಬ್ಬಿಣದ ಬೀರು, ತಣ್ಣಗಿನ ಗೋಡೆಗೆ ಒತ್ತಿಟ್ಟಿದ್ದು, ಪುಸ್ತಕ ಇಕ್ಕಟ್ಟಾಗಿ ತುರುಕಿದ್ದು, ತಿಂಗಳುಗಟ್ಟಲೆ ತೆಗೆಯದೇ ಬಿಟ್ಟಿದ್ದು ಅಂದ್ರೆ ಬೂಷ್ಟಿಗೆ ಅಂತಲೇ ಮನೆ ಕಟ್ಟಿಕೊಟ್ಟ ಹಾಗೆ. ಮಕ್ಕಳ ಕೈಲಿ ಓಡಾಡೋ ಪುಸ್ತಕಕ್ಕೆ ಗಾಳಿ ಸಿಗುತ್ತೆ, ಹಾಳೆ ತಿರುಗುತ್ತೆ, ಹಾಳಾಗ್ತಿದ್ರೆ ಯಾರಾದ್ರೂ ಬೇಗ ನೋಡ್ತಾರೆ. ಹೊರಗೆ ಕೊಟ್ಟಿದ್ದು ಹಾಳಾಗೋದೇ ಇಲ್ಲ ಅಂತಲ್ಲ, ಮಳೆಯಲ್ಲಿ ನೆನೆದು ಬರೋದೂ ಉಂಟು. ಬೀರುವನ್ನ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಿ, ಕೆಳಗಿನ ಖಾನೆ ಖಾಲಿ ಬಿಡಿ, ಪುಸ್ತಕ ಸಡಿಲವಾಗಿ ನಿಲ್ಲಿಸಿ, ಮಳೆ ಬಿಟ್ಟು ಹೊಳವಾದ ದಿನ ಬಾಗಿಲು ತೆಗೆದಿಡಿ. ಬೂಷ್ಟು ಬಂದಿದ್ರೆ ಒದ್ದೆ ಬಟ್ಟೆಯಲ್ಲಿ ಒರೆಸ್ಬೇಡಿ, ಪೂರ್ತಿ ಒಣಗಿಸಿ ಹೊರಗೆ ಜಗಲಿಗೆ ತಂದು ಮೂಗಿಗೆ ಬಟ್ಟೆ ಕಟ್ಕೊಂಡು ಒಣ ಬ್ರಷ್ಷಲ್ಲಿ ತೆಗೀರಿ, ಆ ಕೆಲಸಕ್ಕೆ ಮಕ್ಕಳನ್ನ ಹಚ್ಬೇಡಿ.

ಈಗ ದುಡ್ಡಿನ ಪ್ರಶ್ನೆಗೆ ಬರ್ತೀನಿ. ಇದನ್ನ ನಿಧಾನಕ್ಕೆ ಹೇಳ್ತೀನಿ, ದಯವಿಟ್ಟು ನಿಧಾನಕ್ಕೆ ಓದಿ, ಯಾಕಂದ್ರೆ ತರಗತಿಯಲ್ಲಿ ಮೂರು ಸಲ ಹೇಳಿದ್ರೂ ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರಿದ್ಮೇಲೆ ಫೋನ್ ಮಾಡಿ ಮತ್ತೆ ಅದನ್ನೇ ಕೇಳ್ತಾರೆ.

ಗ್ರಂಥಾಲಯದಲ್ಲಿ ಪುಸ್ತಕ ಕಳೆಯೋದು ಅಪರಾಧ ಅಲ್ಲ, ಅದು ಲೆಕ್ಕದ ಒಳಗೇ ಇರೋ ವಿಷಯ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಅಂತ ಇವೆ, 2017ರವು, ಅದರ 215ನೇ ನಿಯಮ ಗ್ರಂಥಾಲಯದ ಪುಸ್ತಕಗಳ ಪರಿಶೀಲನೆಯ ಬಗ್ಗೆ. ವರ್ಷದಲ್ಲಿ ಓದೋಕೆ ಕೊಟ್ಟ ಅಥವಾ ಬಳಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದ್ರೆ ಅದನ್ನ ಸಹಜ ನಷ್ಟ ಅಂತ ತಗೋಬಹುದು, ಆದ್ರೆ ಅಪ್ರಾಮಾಣಿಕತೆಯಿಂದಲೋ ಅಜಾಗರೂಕತೆಯಿಂದಲೋ ಕಳೆದಿರಬಾರದು ಅಂತ ಅದ್ರಲ್ಲೇ ಇದೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕ ಕಳೆದ್ರೆ ಮಾತ್ರ ತಪ್ಪದೆ ವಿಚಾರಣೆ ಆಗ್ಬೇಕು. ನಮ್ಮ ಹಳ್ಳಿ ಶಾಲೆಯ ಕಥೆ ಪುಸ್ತಕಗಳಲ್ಲಿ ಆ ಬೆಲೆಯದ್ದು ನಾನಂತೂ ಕಂಡಿಲ್ಲ.

ಗಮನಿಸಿ, 5 ಅನ್ನೋದು ಬೀರುವಿನಲ್ಲಿ ಇರೋ 1,000 ಪುಸ್ತಕಕ್ಕೆ ಅಲ್ಲ, ಕೊಟ್ಟ 1,000ಕ್ಕೆ. ಒಂದೇ ಪುಸ್ತಕವನ್ನ ವರ್ಷದಲ್ಲಿ ಇಪ್ಪತ್ತು ಮಕ್ಕಳು ಒಯ್ದ್ರೆ ಅದು ಇಪ್ಪತ್ತು ಅಂತ ಲೆಕ್ಕ. ನಿಮ್ಮ ಶಾಲೆಯಲ್ಲಿ 60 ಮಕ್ಕಳು, ವಾರಕ್ಕೊಂದು ಪುಸ್ತಕ ಮನೆಗೆ ಕೊಟ್ರಿ, ರಜೆ ಗಿಜೆ ಕಳೆದು 35 ವಾರ ಅಂದ್ಕೊಳ್ಳಿ, 2,100 ಸಲ ಪುಸ್ತಕ ಹೊರಗೆ ಹೋಯ್ತು. ಆ ಲೆಕ್ಕದಲ್ಲಿ 10 ಪುಸ್ತಕ ಕಳೆದ್ರೂ ಸಹಜ. ಈಗ ಬೀಗ ಹಾಕಿಟ್ಟ ಶಾಲೆ ತಗೊಳ್ಳಿ, ಕೊಟ್ಟಿದ್ದು ಸೊನ್ನೆ. ಸೊನ್ನೆಗೆ ಸಹಜ ನಷ್ಟನೂ ಸೊನ್ನೆ. ಆ ಬೀರುವಿನಿಂದ ಒಂದೇ ಒಂದು ಪುಸ್ತಕ ಕಾಣೆಯಾದ್ರೂ ಅದು ಹೇಗೆ ಹೋಯ್ತು ಅಂತ ಹೇಳೋಕೆ ನಿಮ್ಮ ಹತ್ರ ಏನೂ ಇಲ್ಲ. ಆಡಿಟ್ ಭಯಕ್ಕೆ ಬೀಗ ಹಾಕಿದೋರಿಗೇ ಆಡಿಟ್ಟಲ್ಲಿ ಹೇಳೋಕೆ ಮಾತಿಲ್ಲ. ನಿಮ್ಮನ್ನ ಕಾಯೋದು ಯಾರಿಗೆ ಯಾವ ಪುಸ್ತಕ ಕೊಟ್ವಿ ಅಂತ ಬರೆಯೋ ಇಶ್ಯೂ ವಹಿ, ಬೀಗ ಅಲ್ಲ. ಇದಕ್ಕೇ ನಾನು ವರ್ಷವಿಡೀ ಗಂಟಲು ಹರ್ಕೊಳ್ಳೋದು.

ಒಂದು ಎಚ್ಚರಿಕೆ. ನಾನು ಹೇಳಿದ್ದು ಕೇಂದ್ರದ ನಿಯಮ. ರಾಜ್ಯದ ಶಾಲೆಗಳಿಗೆ ಇಲಾಖೆಯ ಸುತ್ತೋಲೆ, ಆದೇಶಗಳೇ ಅನ್ವಯ, ಅನುದಾನಿತ ಶಾಲೆಯಾದ್ರೆ ಆಡಳಿತ ಮಂಡಳಿಯ ರೀತಿನೇ ಬೇರೆ ಇರಬಹುದು. ಹಾಗಾಗಿ ನನ್ನ ಅಂಕಣ ತೋರಿಸಿ ಯಾರ ಹತ್ರನೂ ವಾದ ಮಾಡ್ಬೇಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಆಫೀಸಲ್ಲಿ ಬರಹದಲ್ಲಿ ಕೇಳಿ ತಿಳ್ಕೊಳ್ಳಿ. ವರ್ಷಕ್ಕೊಮ್ಮೆ ಪೂರ್ತಿ ಎಣಿಸಿ, ಕೇಂದ್ರದ ನಿಯಮದಲ್ಲಿ 20,000 ಪುಸ್ತಕದವರೆಗಿನ ಗ್ರಂಥಾಲಯಕ್ಕೆ ಪ್ರತಿ ವರ್ಷ ಎಣಿಕೆ ಅಂತಲೇ ಇದೆ, ನಮ್ಮ ಮುನ್ನೂರು ನಾನೂರು ಪುಸ್ತಕಕ್ಕೆ ಒಂದು ಮಧ್ಯಾಹ್ನ ಸಾಕು. ಕಳೆದಿದ್ದು, ಹರಿದಿದ್ದು ಪಟ್ಟಿ ಮಾಡಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಟ್ಟು ನಡಾವಳಿ ಬರೆಸಿ, ಮುಂದೆ ಯಾರೇ ಕೇಳಿದ್ರೂ ಕೈಯಲ್ಲಿ ಕಾಗದ ಇರುತ್ತೆ.

ವಹಿ ಅಂದ್ರೆ ಒಂಬತ್ತು ಕಾಲಂ ಹಾಕಿ ಹೆದರಿಸ್ಬೇಡಿ. 200 ಪೇಜಿನ ನೋಟ್‌ಬುಕ್, ಮಗುವಿಗೆ ಒಂದು ಪುಟ, ತಾರೀಖು, ಪುಸ್ತಕದ ನಂಬರು, ವಾಪಸ್ ಬಂತಾ ಅಂತ ಒಂದು ಟಿಕ್. ನಾಲ್ಕನೇ ಕ್ಲಾಸಿಂದ ಮೇಲಿನ ಮಕ್ಕಳು ತಾವೇ ಬರೀತಾರೆ, ಚಿಕ್ಕೋರಿಗೂ ಅವರೇ ಬರ್ಕೊಡ್ತಾರೆ. ಆ ಕೆಲಸಕ್ಕೆ ಮಕ್ಕಳು ಎಷ್ಟು ಹಟ ಮಾಡ್ತಾರೆ ಅಂತ ನೋಡಿದೋರಿಗೇ ಗೊತ್ತು.

ಗ್ರಂಥಾಲಯ ವಿಜ್ಞಾನ ಓದೋ ಹುಡುಗ್ರದ್ದು ಇದರ ಇನ್ನೊಂದು ಕಥೆ. ವಿಶ್ವವಿದ್ಯಾಲಯದ ಕ್ಲಾಸುಗಳಲ್ಲಿ ಅವರಿಗೆ ರಂಗನಾಥನ್ ಅವರ 1931ರ ಐದು ಸೂತ್ರ ಬಾಯಿಪಾಠ. ರಂಗನಾಥನ್ ಗ್ರಂಥಪಾಲಕರಾಗೋ ಮುಂಚೆ ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದವರು, ಕೊನೆಗಾಲ ನಮ್ಮ ಬೆಂಗಳೂರಲ್ಲೇ ಕಳೆದವರು. ಅವರ ಮೊದಲ ಸೂತ್ರನೇ ಪುಸ್ತಕ ಇರೋದು ಬಳಸೋಕೆ ಅಂತ. ಹಿಂದೆ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಕಟ್ತಿದ್ರು, ಆ ಸರಪಳಿ ಬಿಚ್ಚೋಕೆ ನೂರಾರು ವರ್ಷ ಹಿಡೀತು. ಸೂತ್ರ ಬರೆದು ಪೂರ್ತಿ ಮಾರ್ಕ್ಸ್ ತಗೊಂಡ ಹುಡುಗನೇ ಶಾಲೆಗೆ ಹೋದ್ರೆ ಮೊದಲು ಮಾಡೋದು ಬೀಗ ಸರಿಯಾಗಿದ್ಯಾ ಅಂತ ಎಳೆದು ನೋಡೋದು.

ಒಂದೇ ಊರಲ್ಲಿ ಓದ್ತಿದ್ರೂ ಬಿ.ಇಡಿಯವರು, ಲೈಬ್ರರಿ ಸೈನ್ಸಿನವರು ಪರಸ್ಪರ ಮುಖ ನೋಡೋದೇ ಇಲ್ಲ, ಇದು ನಂಗೆ ಬಹಳ ಬೇಜಾರಿನ ವಿಷಯ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗ್ರಂಥಾಲಯದ ಕೆಲಸ ಕೊನೆಗೆ ಬೀಳೋದು ಯಾರೋ ಒಬ್ಬ ಟೀಚರ್ ತಲೆ ಮೇಲೇ, ಬಿಸಿಯೂಟದ ಲೆಕ್ಕದ ಜೊತೆ ಇದೂ ಒಂದು. ಹಾಗಿದ್ಮೇಲೆ ಇಬ್ರಿಗೂ ಒಟ್ಟಿಗೆ ಕಲಿಸೋದು ಬೇಡ್ವಾ? ಒಂದು ಶನಿವಾರ ಎರಡೂ ಕಡೆಯಿಂದ ಐದೈದು ಜನರನ್ನ ತೀರ್ಥಹಳ್ಳಿ ಹತ್ರದ ಒಂದು ಶಾಲೆಗೆ ಕರ್ಕೊಂಡು ಹೋಗಿದ್ದೆ. ಲೈಬ್ರರಿ ಸೈನ್ಸಿನ ಹುಡುಗ ಬಹಳ ಶ್ರದ್ಧೆಯವನು, ಕೂತ ಕೂಡ್ಲೇ ಡ್ಯೂಯಿ ನಂಬರ್, ಅಂದ್ರೆ ವಿಷಯ ನೋಡಿ ಪುಸ್ತಕ ವಿಂಗಡಿಸೋ ನಂಬರ್, ಹಾಕೋಕೆ ಶುರು ಮಾಡ್ದ. ಕನ್ನಡ ಸಾಹಿತ್ಯ ಅಂದ್ರೆ 894.814, ಜನಪದ ಕಥೆ ಆದ್ರೆ 398.2. ಅರ್ಧ ಗಂಟೆ ಆದ್ಮೇಲೆ ನೋಡಿದ್ರೆ ಮೂರು ಖಾನೆಯ ಪುಸ್ತಕದ ಬೆನ್ನ ಮೇಲೂ ಒಂದೇ ನಂಬರು. ನಮ್ಮ ಬಿ.ಇಡಿ ಹುಡುಗಿ ಬಂದು "ಅಣ್ಣ, ಮೂರನೇ ಕ್ಲಾಸಿನ ಮಗುಗೆ ಇದ್ರಲ್ಲಿ ಯಾವ್ದು ಸುಲಭ, ಯಾವ್ದು ಕಷ್ಟ ಅಂತ ಹೆಂಗೆ ಗೊತ್ತಾಗ್ಬೇಕು?" ಅಂದ್ಲು. ಅವನು ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಇಬ್ರೂ ಕೂತು ಒಂದೊಂದೇ ಪುಸ್ತಕ ತೆಗೆದು ಓದಿ, ಪುಟಕ್ಕೆ ಒಂದೆರಡು ಸಾಲು ಇರೋದಕ್ಕೆ ಹಸಿರು ಟೇಪು, ಒತ್ತಕ್ಷರ ಜಾಸ್ತಿ ಇರೋದಕ್ಕೆ ಕೆಂಪು, ದೊಡ್ಡ ಕಥೆಗೆ ನೀಲಿ ಅಂತ ಅಂಟಿಸ್ತಾ ಹೋದ್ರು. ಮಧ್ಯಾಹ್ನದ ಊಟಕ್ಕೆ ಕರೆದ್ರೆ ಏಳಲಿಲ್ಲ. ಡ್ಯೂಯಿ ಬೇಡ ಅಂತ ನಾನು ಹೇಳ್ತಿಲ್ಲ, ಹೈಸ್ಕೂಲಿಗೆ, ಕಾಲೇಜಿಗೆ ಅದು ಬೇಕೇ ಬೇಕು. ಏಳು ವರ್ಷದ ಮಗುವಿನ ಪಕ್ಕ ಕೂತು ನೋಡ್ದೇ ನಂಬರ್ ಹಾಕಿದ್ರೆ ಏನೂ ಉಪಯೋಗ ಇಲ್ಲ.

ಪುಸ್ತಕಕ್ಕೆ ದುಡ್ಡೇ ಇಲ್ಲ ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲೇ ಪ್ರತಿ ಶಾಲೆಗೆ ಗ್ರಂಥಾಲಯ ಇರ್ಬೇಕು, ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕ ಇರ್ಬೇಕು ಅಂತ ಇದೆ, ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಇಟ್ಟಿದ್ದಾರೆ. ಸಾಲಲ್ಲ, ನಿಜ. ಆದ್ರೆ ಬಂದಿದ್ದು ಬೀರುವಿಗೆ ಹೋಗಿ ಬೂಷ್ಟು ಹಿಡಿದ್ರೆ ಹೆಚ್ಚು ಕೊಡಿ ಅಂತ ಕೇಳೋಕೆ ನಮಗೆ ಬಾಯಿ ಎಲ್ಲಿಂದ ಬರ್ಬೇಕು.

ಹೋದ ವರ್ಷ ನನ್ನ ಹಳೇ ವಿದ್ಯಾರ್ಥಿನಿ ಒಬ್ಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ಲು, ಹೊಸನಗರ ಆಚೆಯ ಸಣ್ಣ ಶಾಲೆ, ವರ್ಗಾವಣೆ ಆಗಿದೆ, ಬೆಳಿಗ್ಗೆ ಚಾರ್ಜ್ ಕೊಡ್ಬೇಕು, ದನಿ ನಡುಗ್ತಿತ್ತು. "ಮೇಡಂ, 340ರಲ್ಲಿ 17 ಪುಸ್ತಕ ಇಲ್ಲ." "ಇಶ್ಯೂ ವಹಿ ಇದ್ಯನೇ ಮಾರಾಯ್ತಿ?" ಅಂದೆ. ಇತ್ತು, ಎರಡು ವರ್ಷದ್ದೂ ಇತ್ತು. ಫೋನಲ್ಲೇ ಎಣಿಸಿದ್ವಿ, 40 ಮಕ್ಕಳು, ಎರಡು ವರ್ಷದಲ್ಲಿ ಹೆಚ್ಚುಕಮ್ಮಿ 2,800 ಸಲ ಪುಸ್ತಕ ಮನೆಗೆ ಹೋಗಿದೆ. ನಾನು ಹೇಳಿದ ಲೆಕ್ಕಕ್ಕೆ 14. "ಮೂರು ಜಾಸ್ತಿ ಆಯ್ತಲ್ಲ ಮೇಡಂ" ಅಂತ ಅಳೋಕೇ ಶುರು ಮಾಡಿದ್ಲು. ಎಚ್ಎಂಗೆ ವಹಿ ತೋರ್ಸು, ಪಟ್ಟಿ ಮಾಡಿ ಸಹಿ ಮಾಡಿಸ್ಕೊ, ಹೆದರ್ಬೇಡ ಅಂದೆ. ಪಟ್ಟಿ ಓದು ಅಂತ ಹೇಳಿದೆ, ಓದಿದ್ಲು. 17ರಲ್ಲಿ 13 ಸಣ್ಣ ಸಣ್ಣ ಚಿತ್ರದ ಕಥೆ ಪುಸ್ತಕ, ವಹಿಯ ಪುಟ ಪುಟದಲ್ಲೂ ಅವುಗಳದ್ದೇ ನಂಬರು, ಒಂದನ್ನಂತೂ ಬಹುತೇಕ ಎಲ್ಲ ಮಕ್ಕಳೂ ಒಯ್ದಿದ್ರು. ಗಟ್ಟಿ ರಟ್ಟಿನ ಜೀವನಚರಿತ್ರೆಗಳ ಒಂದು ಸೆಟ್ ಇದ್ಯಲ್ಲ, 40 ಪುಸ್ತಕದ್ದು, ಅದ್ರಲ್ಲಿ ಎಷ್ಟು ಹೋಗಿದೆ ಅಂದೆ. ಒಂದೂ ಇಲ್ಲ ಮೇಡಂ ಅಂದ್ಲು. ಎಷ್ಟು ಸಲ ಇಶ್ಯೂ ಆಗಿದೆ? ಹಾಳೆ ತಿರುವೋ ಸದ್ದು ಸ್ವಲ್ಪ ಹೊತ್ತು ಕೇಳಿಸ್ತು. ಒಂದ್ಸಲನೂ ಇಲ್ಲ ಅಂದ್ಲು. ಆ 13 ಪುಸ್ತಕದ ಹೆಸರು ಬೇರೆ ಹಾಳೆಯಲ್ಲಿ ಬರ್ದು ವಹಿ ಒಳಗೆ ಇಡು, ನಾಳೆ ಬರೋ ಟೀಚರಿಗೆ ಈ ವರ್ಷದ ಅನುದಾನ ಬಂದಾಗ ಮೊದಲು ಅವನ್ನೇ ತರಿಸಿ ಅಂತ ಹೇಳು ಅಂದೆ.