ಪಾಕೆಟ್ ಹೋಲ್ ಜೋಡಣೆ: ಎಷ್ಟು ಉದ್ದದ ಸ್ಕ್ರೂ, ಡ್ರಿಲ್ ಯಾವ ನಂಬರಿಗೆ?

ಪ್ರಶ್ನೆ: ಸರ್, ನಾವು ಗಂಗಾವತಿಯವರು. ಮನಿಗೆ 18 ಎಂಎಂ ಪ್ಲೈನಾಗ ಪುಸ್ತಕದ ರ‍್ಯಾಕ್ ಮಾಡಾಕ ಹತ್ತೀನಿ. ಪಾಕೆಟ್ ಹೋಲ್ ಜಿಗ್ ತರಿಸೀನಿ. ಒಂದು ಕಡೆ ಸ್ಕ್ರೂ ತುದಿ ಹಲಗಿ ದಾಟಿ ಹೊರಗ ಬಂತು. ಇನ್ನೊಂದು ಕಡೆ ಎಷ್ಟು ತಿರುವಿದರೂ ಬಿಗಿ ಆಗವಲ್ದು. ಎಷ್ಟು ಉದ್ದದ ಸ್ಕ್ರೂ ಹಾಕಬೇಕು, ಡ್ರಿಲ್ ಯಾವ ನಂಬರಿಗೆ ಇಡಬೇಕ್ರಿ?

ಉತ್ತರ: ನಿಮ್ಮ ರ‍್ಯಾಕಿಗೆ 32 ಎಂಎಂ, ಅಂದರೆ ಒಂದೂಕಾಲು ಇಂಚಿನ, ಒರಟು ಎಳೆಯ (ಸುರುಳಿ ದೂರ ದೂರ ಇರುವ) ಪಾಕೆಟ್ ಸ್ಕ್ರೂ ತನ್ನಿ. ಸ್ಕ್ರೂ ಬಿಗಿಯುವಾಗ ಡ್ರಿಲ್ಲಿನ ಗೇರ್ 1ರಲ್ಲಿ, ಕ್ಲಚ್ (ಇಟ್ಟ ಬಲ ಮುಟ್ಟಿದೊಡನೆ ಕಟಕಟ ಎಂದು ತಿರುವುವುದನ್ನು ಬಿಡುವ, ನಂಬರಿರುವ ರಿಂಗ್) 4 ಅಥವಾ 5ರಲ್ಲಿ ಇರಲಿ. ಇಷ್ಟು ಸಾಕು, ಕೆಲಸ ಶುರು ಮಾಡಬಹುದು. ಆದರೆ ನಾಳೆ ಹಲಗೆಯ ದಪ್ಪ ಬದಲಾದಾಗ, ಮರ ಬದಲಾದಾಗ ಮತ್ತೆ ಇದೇ ತೊಂದರೆ ಬರಬಾರದೆಂದರೆ ಪಾಕೆಟ್ ಹೋಲ್ ಎಂಬ ಆ ಓರೆ ತೂತಿನ ಒಳಗೆ ಏನಿದೆ ಎಂದು ಒಮ್ಮೆ ನೋಡಬೇಕು.

ಜಿಗ್ (ಓರೆ ತಪ್ಪದಂತೆ ಹಿಡಿದಿಡುವ ಅಚ್ಚು) ಜೊತೆ ಬಂದ ಕೊರೆಯುವ ಬಿಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಮೇಲ್ಭಾಗ ಸುಮಾರು 9.5 ಎಂಎಂ ದಪ್ಪ, ತುದಿ ಸಣ್ಣ. ಹೀಗಾಗಿ 15 ಡಿಗ್ರಿ ಓರೆಯಲ್ಲಿ ಕೊರೆದ ತೂತೂ ಮೊದಲು ಅಗಲ, ಆಮೇಲೆ ಕಿರಿದು. ಅಗಲ ಮುಗಿದು ಕಿರಿದು ಶುರುವಾಗುವಲ್ಲಿ ಮರದಲ್ಲೇ ಒಂದು ಸಪಾಟಾದ ಮೆಟ್ಟಿಲು ಉಳಿಯುತ್ತದೆ. ಸ್ಕ್ರೂವಿನ ತಲೆ ಕೂರುವುದು ಅದರ ಮೇಲೆ. ಎಳೆ ಎದುರಿನ ಹಲಗೆಯನ್ನು ಕಚ್ಚಿ ಎಳೆಯುತ್ತದೆ, ತಲೆ ಈ ಮೆಟ್ಟಿಲನ್ನು ಒತ್ತುತ್ತದೆ, ಎರಡೂ ಹಲಗೆ ಕೂಡಿಕೊಳ್ಳುತ್ತವೆ. ಮೆಟ್ಟಿಲು ಪುಡಿಯಾದರೆ ಅಥವಾ ಎದುರು ಹಲಗೆಯಲ್ಲಿ ಎಳೆಯ ಕಚ್ಚು ಸವೆದುಹೋದರೆ ಜೋಡಣೆ ಹೋದಂತೆಯೇ. ನಿಮ್ಮ ಎರಡನೇ ಸ್ಕ್ರೂಗೆ ಆಗಿರುವುದು ಇದರಲ್ಲಿ ಒಂದು.

ಅದಕ್ಕೇ ಸ್ಕ್ರೂವಿನ ತಲೆಯ ಆಕಾರ ಬಹಳ ಮುಖ್ಯ. ಪಾಕೆಟ್ ಸ್ಕ್ರೂವಿನ ತಲೆಯ ಕೆಳಗೆ ವಾಷರ್ ಹಾಕಿದಂತೆ ಸಪಾಟಾಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕರಿ ಡ್ರೈವಾಲ್ ಸ್ಕ್ರೂವಿನ ತಲೆ ಕೆಳಗೆ ಚೂಪಾಗುತ್ತ ಹೋಗುತ್ತದೆ. ಅದು ಮೆಟ್ಟಿಲಿನ ಮೇಲೆ ಕೂರುವುದಿಲ್ಲ, ಒಳಗೆ ತೂರಿಕೊಂಡು ಪ್ಲೈಯ ಪದರ ಬಿಡಿಸುತ್ತದೆ. ಉಕ್ಕೂ ಪೆಡಸು, ಗಟ್ಟಿ ಮರದಲ್ಲಿ ಕತ್ತಿನ ಬಳಿ ಮುರಿಯುತ್ತದೆ. ಅಗ್ಗ ಎಂದು ಅದನ್ನು ತರಬೇಡಿ. ನಾಲ್ಕು ಮೂಲೆಯ ಗುಂಡಿ ಇರುವ ಸ್ಕ್ರೂ ಸಿಕ್ಕರೆ ಅದನ್ನೇ ಆರಿಸಿ. ಪ್ಲಸ್ ಗುರುತಿನ (ಫಿಲಿಪ್ಸ್) ಗುಂಡಿಯದರಲ್ಲಿ ತಿರುವುವ ಬಿಟ್ ಜಾರಿ ತಲೆ ಸವೆಯುವುದು ಹೆಚ್ಚು.

ಇನ್ನು ಉದ್ದ. ಇದನ್ನು ಹಲಗೆಯ ದಪ್ಪ ನಿರ್ಧರಿಸುತ್ತದೆ. 12 ಎಂಎಂಗೆ 25 ಎಂಎಂ ಸ್ಕ್ರೂ, 18ಕ್ಕೆ 32, 25ಕ್ಕೆ 38, ಒಂದೂವರೆ ಇಂಚಿನ ಚೌಕಟ್ಟಿಗೆ ಎರಡೂವರೆ ಇಂಚು. 18ರ ಹಲಗೆಯಲ್ಲಿ 32ರ ಸ್ಕ್ರೂ ಹೆಚ್ಚುಕಡಿಮೆ ಅರ್ಧ ಈ ಕಡೆ, ಅರ್ಧ ಆ ಕಡೆ ನಿಲ್ಲುತ್ತದೆ. 38 ಹಾಕಿದರೆ ರ‍್ಯಾಕಿನ ಪಕ್ಕದ ಹಲಗೆಯ ಹೊರಮೈಯಲ್ಲಿ ತುದಿ ಕಾಣಿಸಿಕೊಳ್ಳುತ್ತದೆ. ಸರಿಯಾದ ಸ್ಕ್ರೂ ಹಾಕಿಯೂ ತುದಿ ಬಂದಿದ್ದರೆ ತಪ್ಪು, ಆಳ ಮಿತಿಗೊಳಿಸಲು ಬಿಟ್ಟಿಗೆ ಹಾಕುವ ಬಳೆಯ, ಅಂದರೆ ಕಾಲರ್‌ನದು: ಕಾಲರ್ ಮೇಲಕ್ಕೆ ಸರಿದಿದ್ದರೆ ತೂತು ಆಳವಾಗಿ, ಮೆಟ್ಟಿಲು ಅಂಚಿನ ಹತ್ತಿರಕ್ಕೆ ಬಂದಿರುತ್ತದೆ. ಬಿಟ್ಟನ್ನು ಜಿಗ್ಗಿನಲ್ಲಿ ಪೂರ್ತಿ ಇಳಿಸಿದಾಗ ತುದಿಗೂ ಜಿಗ್ಗಿನ ತಳಕ್ಕೂ ನಡುವೆ 3 ಎಂಎಂ ಆಸುಪಾಸು ಜಾಗ ಇರುವಂತೆ ಕಾಲರ್ ಬಿಗಿಯಿರಿ.

ದಪ್ಪವನ್ನು ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ, ಅಳೆದೇ ನೋಡಿ. ಎರಡೂ ಮೈಗೆ 1 ಎಂಎಂ ಲ್ಯಾಮಿನೇಟ್ ಅಂಟಿಸಿದ ಮೇಲೆ 18ರ ಪ್ಲೈ 20 ಆಗಿರುತ್ತದೆ. ಎರಡು ಹಲಗೆಗಳ ದಪ್ಪ ಬೇರೆ ಬೇರೆ ಇದ್ದರೆ ಕೊರೆಯುವ ಹಲಗೆಗೆ ತಕ್ಕಂತೆ ಜಿಗ್ ಇಡಿ, ತೆಳ್ಳಗಿನ ಹಲಗೆಗೆ ತಕ್ಕಂತೆ ಸ್ಕ್ರೂ ಆರಿಸಿ.

ಡ್ರಿಲ್ಲಿಗೆ ಬಂದರೆ, ಕೊರೆಯುವುದು ಮತ್ತು ಬಿಗಿಯುವುದು ಎರಡು ಬೇರೆ ಕೆಲಸ. ಕೊರೆಯುವಾಗ ಗೇರ್ 2, ರಿಂಗ್ ಡ್ರಿಲ್ ಗುರುತಿಗೆ. ಗೋಡೆಗೆ ಬಳಸುವ ಹ್ಯಾಮರ್ ಗುರುತಿನಲ್ಲಿ ಇಲ್ಲ ತಾನೇ ಎಂದು ನೋಡಿಕೊಳ್ಳಿ. ಬಿಟ್ ಮರಕ್ಕೆ ತಾಗುವ ಮೊದಲೇ ಪೂರ್ತಿ ವೇಗದಲ್ಲಿ ತಿರುಗುತ್ತಿರಲಿ, ಇಲ್ಲದಿದ್ದರೆ ಪ್ಲೈಯ ಮೇಲ್ಪದರ ಚಕ್ಕೆಯೇಳುತ್ತದೆ. ನಡುವೆ ಒಮ್ಮೆ ಹೊರಗೆಳೆದು ಹೊಟ್ಟು ಉದುರಿಸಿ, ಮತ್ತೆ ಇಳಿಸಿ.

ಬಿಗಿಯುವಾಗ ಗೇರ್ 1. ಕ್ಲಚ್ ನಂಬರು ಎಲ್ಲ ಮಷಿನ್‌ಗಳಲ್ಲೂ ಒಂದೇ ಬಲ ಕೊಡುವುದಿಲ್ಲ, ಆದ್ದರಿಂದ 4 ಅಥವಾ 5 ಎಂದಿದ್ದು ಶುರುವಿಗೆ ಮಾತ್ರ, 4ರಿಂದ ಶುರು ಮಾಡಿ. ಅದೇ ಪ್ಲೈಯ ತುಂಡಿನ ಮೇಲೆ ನೋಡಿ. ತಲೆ ಕೂರುವ ಮೊದಲೇ ಕಟಕಟ ಎಂದರೆ ಒಂದೊಂದೇ ನಂಬರು ಏರಿಸಿ. ತಲೆ ಕೂತು, ಹಲಗೆಗಳ ನಡುವಿನ ಸಂದು ಮುಚ್ಚಿದ ಕ್ಷಣಕ್ಕೆ ಕಟಕಟ ಬಂದರೆ ಅದೇ ನಿಮ್ಮ ನಂಬರು. ಇಂಪ್ಯಾಕ್ಟ್ ಡ್ರೈವರ್ ಇದ್ದರೂ ಪ್ಲೈ, ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ಗೆ ಬಳಸಬೇಡಿ. ಸಾಮಾನ್ಯವಾಗಿ ಅದಕ್ಕೆ ಕ್ಲಚ್ ಇರುವುದಿಲ್ಲ, ಎಳೆಯ ಕಚ್ಚು ಸವೆಯುವುದು ಗೊತ್ತೇ ಆಗುವುದಿಲ್ಲ. ಸ್ಕ್ರೂ ಓರೆಯಾಗಿ ಹೋಗುವುದರಿಂದ ಹಲಗೆ ಜರುಗುತ್ತದೆ. ಬಿಗಿಯುವ ಮೊದಲು ಕ್ಲಾಂಪ್ ಹಾಕಲೇಬೇಕು, ಸಂದಿಗೆ ಅಂಟು ಹಚ್ಚಿದರೆ ಇನ್ನೂ ಒಳ್ಳೆಯದು.

ಒರಟು ಎಳೆ ಪ್ಲೈ, ಎಂಡಿಎಫ್, ಪೈನ್‌ಗೆ. ನಮ್ಮ ಕಡೆ ಬಡಿಗೇರರು ಬಳಸುತ್ತ ಬಂದ ಜಾಲಿಯಂಥ ಗಟ್ಟಿ ಮರಕ್ಕೆ ಸಣ್ಣ ಎಳೆಯ (ಸುರುಳಿ ಒತ್ತೊತ್ತಾಗಿರುವ) ಸ್ಕ್ರೂ ಬೇಕು, ಒರಟು ಎಳೆ ಅದನ್ನು ಸೀಳುತ್ತದೆ. ಎದುರು ತುಂಡಿನಲ್ಲೂ ಸ್ಕ್ರೂ ಹೋಗಲು ಮೊದಲೇ ಸಣ್ಣ ದಾರಿತೂತು ಕೊರೆದುಕೊಳ್ಳಿ, ಎಳೆಗೆ ತುಸು ಮೇಣ ಸವರಿ.

ಮುಂದೆ ಮೇಜು ಮಾಡುವುದಾದರೆ ಒಂದು ಮಾತು. ಪ್ಲೈ ಅಲ್ಲದ, ಅಸಲಿ ಮರದ ಅಗಲವಾದ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಪಾಕೆಟ್ ಸ್ಕ್ರೂವಿನಿಂದ ಬಿಗಿದುಬಿಡಬೇಡಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಒಣ ಬೇಸಿಗೆಯಲ್ಲಿ ಮರ ಅಗಲದ ದಿಕ್ಕಿಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಅಲುಗಾಡಲು ಜಾಗವಿಲ್ಲದಿದ್ದರೆ ಹಲಗೆ ಸೀಳು ಬಿಡುತ್ತದೆ. ಅಲ್ಲಿಗೆ ಉದ್ದ ತೂತಿನ ಲೋಹದ ಪಟ್ಟಿ ಹಾಕಿ. ಪ್ಲೈ ಮೇಜಾದರೆ ಈ ಚಿಂತೆ ಇಲ್ಲ, ಪಾಕೆಟ್ ಸ್ಕ್ರೂ ನಡೆಯುತ್ತದೆ.